ಮನೆಯಲ್ಲಿ ಆಯಿ ಇದ್ದರೆ ಮಕ್ಕಳು ಶಾಲೆ ಬಿಡೋದಿಲ್ವಾ?

ಸಯನ್_ಸಂಜೆ
ಧಾರಾವಿಯ 90 ಫೀಟ್ ರಸ್ತೆ ಹಿಂದೆ ಒಂದು ಖೋಲಿಯಲ್ಲಿ ಸಂಜೆ ಹೊತ್ತು ಮಕ್ಕಳಿಗೆ ಪಾಠ ಹೇಳ್ತೀನಿ. ಹೆಚ್ಚಿನವರು ಕಲಬುರಗಿ, ಯಾದಗಿರಿ, ವಿಜಯಪುರ ಕಡೆಯವರ ಮಕ್ಕಳು. ಮನೆಯಲ್ಲಿ ಕನ್ನಡ, ಗಲ್ಲಿಯಲ್ಲಿ ಹಿಂದಿ, ಶಾಲೆಯಲ್ಲಿ ಮರಾಠಿ.

ಹೋದ ವಾರ ಮೂರನೇ ಕ್ಲಾಸಿನ ಹುಡುಗ ಶಾಲೆಯ ಫಾರ್ಮ್ ತಂದ. ‘ಆಯಿಚೆ ನಾವ್’ ಅನ್ನೋ ಜಾಗದಲ್ಲಿ ಅಜ್ಜಿಯ ಹೆಸರು ಬರೆದಿದ್ದ. ಅವರ ಮನೆಯಲ್ಲಿ ಆಯಿ ಅಂದ್ರೆ ಅಜ್ಜಿ, ಮರಾಠಿಯಲ್ಲಿ ಆಯಿ ಅಂದ್ರೆ ತಾಯಿ. ನಕ್ಕು ತಿದ್ದಿಸಿದೆ. ಆಮೇಲೆ ಯೋಚನೆ ಬಂತು, ಹುಡುಗ ಬರೆದದ್ದೇ ನಿಜ ಅಲ್ವಾ? ಬೆಳಿಗ್ಗೆ ಎಬ್ಬಿಸೋದು, ಡಬ್ಬಿ ಕಟ್ಟೋದು, ನನ್ನ ಕ್ಲಾಸಿಗೆ ಕೈ ಹಿಡಿದು ತಂದು ಬಿಡೋದು ಎಲ್ಲಾ ಆ ಮುದುಕಿಯೇ. ತಾಯಿ ಐದಕ್ಕೇ ಕೆಲಸಕ್ಕೆ ಹೊರಡ್ತಾಳೆ.

ನನ್ನ ಹಾಜರಿ ಪುಸ್ತಕ ನೋಡಿದರೆ ಅಜ್ಜಿ, ದೊಡ್ಡಮ್ಮ, ಚಿಕ್ಕಪ್ಪ ಅಂತ ಯಾರಾದರೂ ಇರೋ ಮನೆಯ ಮಕ್ಕಳು ತಪ್ಪದೆ ಬರ್ತಾರೆ. ಗಂಡ ಹೆಂಡತಿ ಇಬ್ಬರೇ ಇದ್ದು ಇಬ್ಬರೂ ದುಡಿಯೋ ಮನೆಯವು ಮೊದಲು ವಾರಕ್ಕೆ ಎರಡು ದಿನ ತಪ್ಪಿಸ್ತವೆ, ಆಮೇಲೆ ಕಾಣೋದೇ ಇಲ್ಲ. ನಿಮಗೂ ಹೀಗೇ ಕಂಡಿದೆಯಾ? ಕೂಡು ಕುಟುಂಬ ಒಡೆದದ್ದೇ ಕಾರಣ ಅನ್ನಬಹುದಾ?

ಖಾರಾಬೂಂದಿ
ಅಜ್ಜಿ ಇದ್ದರೆ ಟೀವಿ ಧಾರಾವಾಹಿನೂ ಇರುತ್ತೆ ಅಕ್ಕಾ. ಹತ್ತಡಿ ಖೋಲಿಯಲ್ಲಿ ಓದೋದು ಯಾವಾಗ?

ತೊಗರಿನಾಡವ
ಅಕ್ಕಾರ, ನಿಮ್ಮ ಮಾತು ಖರೇ ಅದ. ನಾ ಬೆಳದದ್ದು ಮಾನಖುರ್ದದಾಗ. ಅಪ್ಪ ಅವ್ವ ಇಬ್ಬರೂ ನಾಕಾ ಕೂಲಿ. ಮುಂಜಾನೆ ನಾಕಾದಾಗ ನಿಂತ್ರ ಯಾವ ಠೇಕೇದಾರ ಕರದ್ರ ಅವನ ಹಿಂದ. ಒಂದಿನ ವಾಶಿ, ಒಂದಿನ ವಿರಾರ. ರಾತ್ರಿ ಎಷ್ಟಕ್ಕ ಬರ್ತಾರ ಅವರಿಗೇ ಗೊತ್ತಿರಲಿಲ್ಲ.

ಆಯಿ ಇದ್ದಳು. ಒಂದಕ್ಷರ ಬರ್ತಿರಲಿಲ್ಲ. ಸಂಜಿ ಆತಂದ್ರ ಬಾಗಲದಾಗ ಕುಂತು “ಓದು, ಜೋರಾಗಿ ಓದು, ನನಗ ಕೇಳಿಸಬೇಕು” ಅಂತಿದ್ಳು. ಇವಳಿಗೇನು ಗೊತ್ತಾಗ್ತದ ಅಂತ ಒಂದಿನ ಪುಸ್ತಕ ತಲಿಕೆಳಗ ಹಿಡದು ಬಾಯಿಗೆ ಬಂದದ್ದು ಒದರಿದೆ. ಬೆನ್ನಿಗೆ ಒಂದು ಬಿತ್ತು. “ಎತ್ತಿನ ಕಾಲು ಮ್ಯಾಲ ಅದಾವಲ್ಲೋ ಭಾಡ್ಯಾ” ಅಂದ್ಳು. ಚಿತ್ರ ನೋಡಿದ್ದಳು!

ನಮ್ಮ ಗಲ್ಲಿಯಾಗ ನನ್ನ ವಾರಿಗಿ ಹುಡುಗೂರು ಭಾಳ ಮಂದಿ ಎಂಟನೇತ್ತ ಒಳಗ ಬಿಟ್ರು. ನಾ ಡಿಪ್ಲೊಮಾ ಮಾಡೀನಿ.

ಲೆಕ್ಕಪತ್ರ
ಕಥೆ ಚೆನ್ನಾಗಿದೆ, ಆಯಿಗೆ ನಮಸ್ಕಾರ. ಆದರೆ ಮೂಲ ಪ್ರಶ್ನೆಯಲ್ಲೇ ಒಂದು ಎಡವಟ್ಟು ಇದೆ ಅನ್ನಿಸುತ್ತೆ.

ಯಾರ ಮನೆಯಲ್ಲಿ ಅಜ್ಜಿ ಇರ್ತಾಳೆ? ಖೋಲಿ ಸ್ವಂತದ್ದಾಗಿರೋ ಮನೆಯಲ್ಲಿ. ಬಂದು ಇಪ್ಪತ್ತು ಮೂವತ್ತು ವರ್ಷ ಆಗಿ, ರೇಷನ್ ಕಾರ್ಡ್, ಫೋಟೋಪಾಸ್ (ಸ್ಲಂ ನಿವಾಸಿ ಅನ್ನೋ ಗುರುತುಪತ್ರ) ಎಲ್ಲಾ ಆದ ಮೇಲೆ ಊರಿಂದ ಮುದುಕಿಯನ್ನು ಕರೆಸ್ತಾರೆ. ಹೊಸದಾಗಿ ಬಂದವರು ಬಾಡಿಗೆ ಖೋಲಿಯಲ್ಲಿ ಇರ್ತಾರೆ. ಬಾಡಿಗೆ ಅಂದ್ರೆ ಹನ್ನೊಂದು ತಿಂಗಳ ಅಗ್ರಿಮೆಂಟ್, ಮುಗಿದ ಮೇಲೆ ಮಾಲೀಕ ಡಿಪಾಸಿಟ್ ಜಾಸ್ತಿ ಕೇಳ್ತಾನೆ, ಇವರು ಧಾರಾವಿಯಿಂದ ಗೋವಂಡಿಗೆ, ಗೋವಂಡಿಯಿಂದ ದಿವಾಕ್ಕೆ. ಮಗು ಶಾಲೆ ಬಿಟ್ಟದ್ದು ಅಜ್ಜಿ ಇಲ್ಲದ್ದಕ್ಕೋ, ಹನ್ನೊಂದು ತಿಂಗಳಿಗೊಮ್ಮೆ ಗಂಟುಮೂಟೆ ಕಟ್ಟಿದ್ದಕ್ಕೋ?

ನಿಮ್ಮ ಪುಸ್ತಕದಲ್ಲಿ ಯಾರ ಖೋಲಿ ಸ್ವಂತ, ಯಾರದ್ದು ಬಾಡಿಗೆ ಅಂತ ಇನ್ನೊಂದು ಗೆರೆ ಎಳೆದು ನೋಡಿ. ನನ್ನ ಅಂದಾಜು, ಅಜ್ಜಿಯ ಅರ್ಧ ಪುಣ್ಯ ಖೋಲಿಗೆ ಸೇರುತ್ತೆ.

ತೊಗರಿನಾಡವ
ನಮ್ಮದೂ ಬಾಡಿಗಿ ಖೋಲಿನೇ ಇತ್ತು ಸಾಹೇಬ್ರ. ಮೂರು ಸಲ ಬದಲಿ ಮಾಡೀವಿ. ಆಯಿ ಸಂಗಾಟನೇ ಬಂದಳು, ಅಕಿ ಟ್ರಂಕ್ ಸೈತ.

ಲೆಕ್ಕಪತ್ರ
ಮೂರು ಸಲ ಬದಲಿಸಿದ್ರಿ ಸರಿ. ಶಾಲೆ ಎಷ್ಟು ಸಲ ಬದಲಿಸಿದ್ರಿ?

ತೊಗರಿನಾಡವ
ಒಮ್ಮೆನೂ ಇಲ್ರಿ. ಮೂರೂ ಖೋಲಿ ಅದೇ ಸಾಲಿನ್ಯಾಗ. ನೀವು ಗೆದ್ರಿ.

ಹಳೇಬಾಯಿ
ಮುನ್ಸಿಪಾಲ್ಟಿ ಕನ್ನಡ ಶಾಲೆಯಲ್ಲಿ ಮೂವತ್ತು ವರ್ಷ ಕಲಿಸಿ ನಿವೃತ್ತಳಾದವಳು ನಾನು. (ಮುಂಬೈ ಪಾಲಿಕೆ ಎಂಟು ಭಾಷೆಗಳಲ್ಲಿ ಶಾಲೆ ನಡೆಸುತ್ತೆ, ಕನ್ನಡವೂ ಒಂದು. ಹೊಸಬರಿಗೆ ಗೊತ್ತಿರಲಿ ಅಂತ ಹೇಳಿದೆ.) ಇಲ್ಲಿ ಟೀಚರಿಗೆ ‘ಬಾಯಿ’ ಅನ್ನೋದು ರೂಢಿ. ಊರಿಂದ ಹೊಸದಾಗಿ ಬಂದ ಪೋಷಕರು ಮೊದಲ ದಿನ ನನ್ನನ್ನ ಕೆಲಸದ ಬಾಯಿ ಅಂದುಕೊಂಡದ್ದೂ ಉಂಟು.

ನೀವೆಲ್ಲ ‘ಮಕ್ಕಳು’ ಅಂತ ಒಂದೇ ಮೂಟೆ ಕಟ್ತಿದ್ದೀರಿ. ಮಸ್ಟರ್ ಹಿಡಿದು ಕೂತವಳಿಗೆ ಗೊತ್ತು, ಗಂಡು ಹುಡುಗರ ಗೈರುಹಾಜರಿ ಬೇರೆ, ಹೆಣ್ಣು ಹುಡುಗಿಯರದ್ದು ಬೇರೆ. ಹುಡುಗ ತಪ್ಪಿಸಿದರೆ ಮೈದಾನದಲ್ಲೋ ರೈಲ್ವೆ ಹಳಿ ಹತ್ತಿರವೋ ಸಿಗ್ತಾನೆ. ಹುಡುಗಿ ತಪ್ಪಿಸಿದರೆ ಮನೆಯಲ್ಲೇ ಇರ್ತಾಳೆ. ನಲ್ಲಿ ಹತ್ತಕ್ಕೆ ಬಂದರೆ ಹತ್ತಕ್ಕೆ ಹಂಡೆ ತುಂಬಬೇಕು. ತಮ್ಮನಿಗೆ ಜ್ವರ ಬಂದರೆ ಅವಳೇ ತಾಯಿ.

ನನ್ನ ನಾಲ್ಕನೇ ಕ್ಲಾಸಿನ ಒಬ್ಬಳು ಒಂದೂವರೆ ವರ್ಷದ ತಂಗಿಯನ್ನ ಸೊಂಟಕ್ಕೆ ಹಾಕ್ಕೊಂಡೇ ಬರ್ತಿದ್ದಳು. ಮುಖ್ಯಾಧ್ಯಾಪಕರು ಬೈದರು. ನಾನು ಬಾಗಿಲ ಹಿಂದೆ ಚಾಪೆ ಹಾಕಿ ಕೂಸನ್ನ ಮಲಗಿಸಿ ಪಾಠ ಮಾಡಿದೆ. ಇನ್‌ಸ್ಪೆಕ್ಷನ್ ದಿನ ಕೂಸು ಎದ್ದು ಇನ್‌ಸ್ಪೆಕ್ಟರ ಪ್ಯಾಂಟು ಹಿಡ್ಕೊಂಡು ನಿಂತಿತು!

ಅಂಗನವಾಡಿ ಇರಲಿಲ್ವಾ ಅಂತ ಕೇಳಬೇಡಿ. 1975ರಿಂದ ಅಂಗನವಾಡಿ ಇದೆ. ಆದರೆ ಅದು ಮಧ್ಯಾಹ್ನಕ್ಕೇ ಬಾಗಿಲು ಹಾಕುತ್ತೆ, ಧುಣಿ-ಭಾಂಡಿ (ಬಟ್ಟೆ, ಪಾತ್ರೆ ತೊಳೆಯೋ ಕೆಲಸ) ಮಾಡೋ ತಾಯಿ ಮನೆಗೆ ಬರೋದು ಮೂರಕ್ಕೋ ನಾಲ್ಕಕ್ಕೋ. ಮೂರಕ್ಕಿಂತ ಚಿಕ್ಕ ಕೂಸನ್ನ ಅಲ್ಲಿ ಕೂರಿಸ್ಕೊಳ್ಳೋದೂ ಇಲ್ಲ, ಆಹಾರದ ಪೊಟ್ಟಣ ಕೊಟ್ಟು ಕಳಿಸ್ತಾರೆ.

ಇನ್ನು ಕೂಡು ಕುಟುಂಬದ ವಿಷಯ. ಒಳ್ಳೆ ಆಯಿ ಇದ್ದರೆ ಪುಣ್ಯ. ಆದರೆ ಹನ್ನೊಂದು ಜನರ ಮನೆಯಲ್ಲಿ ಹನ್ನೊಂದು ತಟ್ಟೆ ತೊಳೆಯೋದು ಯಾರು ಅಂತಲೂ ಕೇಳಿ. ದೊಡ್ಡ ಮಗಳು. ಆಯಿಗೆ ಲಕ್ವಾ ಹೊಡೆದರೆ ನೋಡ್ಕೊಳ್ಳೋದೂ ಅವಳೇ.

ವಾಸ್ಕೋದಕ್ಕ
ಹಳೇಬಾಯಿ, ನಿಮ್ಮ ಕೊನೆ ಸಾಲಿಗೆ ಕೈ ಮುಗಿದೆ. ನಾನು ಹನ್ನೊಂದು ತಟ್ಟೆಯ ಮನೆಯ ದೊಡ್ಡ ಮಗಳು.

ಬೆಂಗ್ಳೂರಿಂದ
ಅಲ್ಲಾ ಸ್ವಾಮಿ, ಮುಂಬೈ ಕನ್ನಡಿಗರು ಮಕ್ಕಳನ್ನ ಮರಾಠಿ ಶಾಲೆಗೆ ಯಾಕೆ ಹಾಕ್ತೀರಾ? ಕನ್ನಡ ಶಾಲೆ ಮುಚ್ತಾ ಇರೋದು ಇದಕ್ಕೇ.

ಖಾರಾಬೂಂದಿ
ನಿಮ್ಮ ಮಕ್ಕಳು ಬೆಂಗಳೂರಲ್ಲಿ ಯಾವ ಶಾಲೆ ಸಾರ್? ಐಸಿಎಸ್‌ಇಯಾ, ಸಿಬಿಎಸ್‌ಇಯಾ?

ಬೆಂಗ್ಳೂರಿಂದ
ಅದು ಬೇರೆ ವಿಷಯ.

ತೊಗರಿನಾಡವ
😂 ಮತ್ತ ನಾಕಾ ಕೂಲಿ ಮಗಾನೇ ಕನ್ನಡ ಉಳಸಬೇಕೇನ್ರಿ?

ಬೆಂಗ್ಳೂರಿಂದ
ಗಡಿ ವಿಷಯ ಬಂದಾಗ ಮಾತ್ರ ನಿಮಗೆ ಕರ್ನಾಟಕ ನೆನಪಾಗೋದು. ಬೆಳಗಾವಿ

ನಿರ್ವಾಹಕ
ಬೆಳಗಾವಿ ಬೇರೆ ಎಳೆಯಲ್ಲಿ. ಇಲ್ಲಿ ಮಕ್ಕಳ ವಿಷಯ ನಡೀತಿದೆ. ಮುಂದಿನದ್ದು ಅಳಿಸಿದ್ದೇನೆ.

ಫೋರ್ಟ್_ಮಾಮ
ನಾನೊಂದು ಹೇಳ್ತೇನೆ, ಸ್ವಲ್ಪ ಉದ್ದ ಉಂಟು.

ಎಲ್ಲರೂ ಅಪ್ಪ ಅಮ್ಮ ಅಜ್ಜಿ ಅಂತ ಹೇಳುದು. ನಮ್ಮ ತುಳುನಾಡಿನ ಅಳಿಯಸಂತಾನದ ಮನೆಗಳಲ್ಲಿ ಅಪ್ಪ ಅಂದ್ರೆ ಬಂದು ಹೋಗುವ ನೆಂಟ ಇದ್ದ ಹಾಗೆ ಮಾರಾಯ್ರೆ. ಮಕ್ಕಳ ಜವಾಬ್ದಾರಿ ಸೋದರಮಾವನದ್ದು. 1956ರ ಉತ್ತರಾಧಿಕಾರ ಕಾನೂನು ಬಂದ ಮೇಲೆ ಆಸ್ತಿ ಲೆಕ್ಕ ಬದಲಾಯ್ತು, ಆದರೆ ಮಾವನ ಹೆದರಿಕೆ ಹೋಗಲಿಕ್ಕೆ ಇನ್ನೊಂದು ತಲೆಮಾರು ಬೇಕಾಯ್ತು. ನನ್ನನ್ನು ಬೊಂಬಾಯಿಗೆ ಕರ್ಕೊಂಡು ಬಂದದ್ದೂ ಮಾವನೇ. ಆಗ ನನಗೆ ಹನ್ನೆರಡು. ಫೋರ್ಟಿನ ಒಂದು ಹೋಟ್ಲಲ್ಲಿ ಟೇಬಲ್ ಒರಸುವ ಕೆಲಸ. ಮಲಗುದು ಅಲ್ಲೇ, ಟೇಬಲ್ ಜೋಡಿಸಿ ಅದರ ಮೇಲೆ.

ಮನೆಯೇ ಇಲ್ಲ, ಕುಟುಂಬವೇ ಇಲ್ಲ. ಆದರೂ ಹತ್ತನೇ ಪಾಸು ಮಾಡಿದೆ. ಹೇಗೆ? ರಾತ್ರಿ ಶಾಲೆ. ಇಲ್ಲಿ ನಮ್ಮ ಬೇರೆ ಬೇರೆ ಜಾತಿ ಸಂಘದವರು, ಸಮಾಜದವರು ಕನ್ನಡ ರಾತ್ರಿ ಶಾಲೆ ನಡೆಸ್ತಿದ್ರು. ಸಂಜೆ ಆರೂವರೆಗೆ ಬೆಲ್. ಆ ಹೊತ್ತಿಗೆ ಹೋಟ್ಲಲ್ಲಿ ರಶ್. ಆದರೂ ಮಾವ ಗಲ್ಲಾದಲ್ಲಿದ್ದವರ ಹತ್ರ ಮಾತಾಡಿ ಬಿಡಿಸಿದ್ದರು. ಒಂದು ದಿನ ತಪ್ಪಿಸಿದ್ರೆ ಮಾಸ್ಟ್ರು ಮರುದಿನ ಸೀದಾ ಹೋಟ್ಲಿಗೇ ಬಂದು ಚಾ ಕುಡಿದು, ಚಾ ತಂದಿಟ್ಟ ನನ್ನ ಮುಖ ನೋಡಿ ಏನೂ ಹೇಳದೆ ಹೋಗ್ತಿದ್ರು. ಅದು ಪೆಟ್ಟಿಗಿಂತ ಜೋರು.

ಹಾಗಾಗಿ ನಾನು ಹೇಳುದು, ಕುಟುಂಬ ಅಂದ್ರೆ ಅಪ್ಪ ಅಮ್ಮನೇ ಆಗಬೇಕು ಅಂತ ಇಲ್ಲ. ‘ನಿನ್ನೆ ಯಾಕೆ ಬರಲಿಲ್ಲ’ ಅಂತ ಕೇಳುವ ಒಬ್ಬ ಮನುಷ್ಯ ಬೇಕು.

ಹಳೇಬಾಯಿ
ಮಾಮ, ನಿಮ್ಮ ಸಾಧನೆ ದೊಡ್ಡದು, ಒಪ್ಪಿದೆ. ಆದರೆ ಹನ್ನೆರಡು ವರ್ಷದ ಹುಡುಗ ಟೇಬಲ್ ಮೇಲೆ ಮಲಗಿದ್ದನ್ನ ಇಷ್ಟು ಸಿಹಿಯಾಗಿ ಹೇಳಬೇಡಿ. ನಿಮ್ಮ ಜೊತೆ ಮಲಗಿದ್ದವರಲ್ಲಿ ಎಷ್ಟು ಜನ ಹತ್ತನೇ ಮುಟ್ಟಿದರು?

ಫೋರ್ಟ್_ಮಾಮ
ಇಬ್ಬರು. ನೀವು ಹೇಳುದು ಸರಿ ಉಂಟು ಬಾಯಿ. ಹೇಗೂ 2006ರ ಅಕ್ಟೋಬರಿನಿಂದ ಹೋಟ್ಲಲ್ಲಿ ಹದಿನಾಲ್ಕರ ಒಳಗಿನವರನ್ನು ಇಡುವ ಹಾಗಿಲ್ಲ. ಆ ಕಾಲ ಹೋಯ್ತು.

ಲೆಕ್ಕಪತ್ರ
ಹೋಟೆಲಿನಿಂದ ಹೋಯ್ತು, ಮನೆಯೊಳಗಿಂದ ಹೋಗಿಲ್ಲ. ಬಾಲಕಾರ್ಮಿಕ ಕಾಯ್ದೆಯ 2016ರ ತಿದ್ದುಪಡಿಯಲ್ಲಿ ಎಲ್ಲಾ ಕೆಲಸಕ್ಕೂ ಹದಿನಾಲ್ಕರ ಒಳಗಿನವರನ್ನು ನಿಷೇಧಿಸಿ, ಮನೆತನದ ಉದ್ಯೋಗದಲ್ಲಿ ಶಾಲೆ ಸಮಯ ಬಿಟ್ಟು ‘ಸಹಾಯ’ ಮಾಡಬಹುದು ಅಂತ ಕಿಂಡಿ ಇಟ್ಟರು. ಧಾರಾವಿಯಲ್ಲಿ ಪಾಪಡ್ ಲಟ್ಟಿಸೋದು, ಜರಿ ಕೆಲಸ, ಚರ್ಮದ ಪರ್ಸಿಗೆ ಅಂಟು ಹಚ್ಚೋದು ಎಲ್ಲಾ ಮನೆ ಉದ್ಯೋಗವೇ. ಕೂಡು ಕುಟುಂಬ ದೊಡ್ಡದಾದಷ್ಟೂ ‘ಸಹಾಯ’ವೂ ದೊಡ್ಡದು.

ವಾಕಡ್_ಸೈಟ್
ನಾನು ಪುಣೆಯಲ್ಲಿ ಸೈಟ್ ಇಂಜಿನಿಯರ್, ಹುಬ್ಬಳ್ಳಿಯವ. ನಮ್ಮಲ್ಲಿ ಅಪ್ಪನೂ ಇರ್ತಾನೆ, ಅವ್ವನೂ ಇರ್ತಾಳೆ, ಇಬ್ಬರೂ ದಿನಪೂರ್ತಿ ಮಕ್ಕಳ ಕಣ್ಣೆದುರಿಗೇ. ಹದಿನೆಂಟನೇ ಅಂತಸ್ತಿನಲ್ಲಿ. ಮಕ್ಕಳು ಕೆಳಗೆ ಉಸುಕಿನ ರಾಶಿ ಮೇಲೆ. ಶಾಲೆ ಇಲ್ಲ.

2025ರವರೆಗೆ ಇದ್ದ 1996ರ ಕಟ್ಟಡ ಕಾರ್ಮಿಕರ ಕಾನೂನಿನಲ್ಲಿ ಐವತ್ತಕ್ಕಿಂತ ಹೆಚ್ಚು ಹೆಣ್ಣಾಳು ಇದ್ದರೆ ಕೂಸುಗಳಿಗೆ ಕೋಣೆ ಇಡಲೇಬೇಕು ಅಂತ ಇತ್ತು. ಹೆಣ್ಣಾಳುಗಳನ್ನ ನಾಲ್ಕು ಠೇಕೇದಾರರ ಹೆಸರಲ್ಲಿ ಹಂಚಿದರೆ ಯಾರ ಹತ್ತಿರವೂ ಐವತ್ತು ದಾಟ್ತಿರಲಿಲ್ಲ. ಲೆಕ್ಕ ಮುಗೀತು. ಡೋರ್ ಸ್ಟೆಪ್ ಸ್ಕೂಲ್ ಥರದ ಸಂಸ್ಥೆ ಬಂದು ಶೆಡ್ಡಿನಲ್ಲಿ ಕ್ಲಾಸು ನಡೆಸಿ, ಹತ್ತಿರದ ಶಾಲೆಗೆ ಸೇರಿಸಿದರೆ ಮಕ್ಕಳ ನಸೀಬು. ಮುಂಬೈನಲ್ಲಿ 1988ರಲ್ಲಿ ಶುರುವಾಗಿದ್ದು ಅದು, ಈಗ ಪುಣೆಯಲ್ಲೂ ದೊಡ್ಡದು.

ನಮ್ಮ ಸೈಟಿನ ಲಂಬಾಣಿ ಮಂದಿಯನ್ನ ಕೇಳಿದೆ, ಮಕ್ಕಳನ್ನ ತಾಂಡಾದಲ್ಲಿ ಅಜ್ಜಿ ಹತ್ತಿರ ಬಿಟ್ಟು ಬರಬಾರದಾ? “ಅಜ್ಜಿನೂ ಕಬ್ಬು ಕಡಿಯಾಕ ಹೋಗ್ಯಾಳ್ರಿ” ಅಂದ ಒಬ್ಬ. ಅಲ್ಲಿಗೆ ನನ್ನ ಬಾಯಿ ಬಂದ್.

ಖಾರಾಬೂಂದಿ
ಆಯಿನೂ ದುಡಿಯೋಕೆ ಹೋದ್ಲಾ! ಮುಗೀತು ಈ ಎಳೆ.

ವಾಸ್ಕೋದಕ್ಕ
ಮುಗಿದಿಲ್ಲ, ನಂದೂ ಕೇಳಿ. ಬೈನಾದಲ್ಲಿ ನಮ್ಮ ಮನೆ ಇತ್ತು, ಮೊದಲು ಹನ್ನೊಂದು ಜನ. ಅಪ್ಪ ಬಂದರಿನಲ್ಲಿ ಲೋಡಿಂಗ್ ಕೂಲಿ. ಗೋವಾದಲ್ಲಿ ಶೆರೆಗೇನು ಬರ? ಸಂಬಳದ ದಿನ ನಾವು ಪಕ್ಕದ ಮನೆಯಲ್ಲಿ ಮಲಗ್ತಿದ್ವಿ, ಮರುದಿನ ಶಾಲೆ ಇಲ್ಲ, ಯಾಕಂದ್ರೆ ಚೀಲ, ಪುಸ್ತಕ ಎಲ್ಲಾ ಒಳಗೆ. ಚಿಕ್ಕಪ್ಪಂದಿರು ಇದ್ರು, ಅಜ್ಜಿನೂ ಇದ್ಲು. “ಗಂಡಸು ಅಂದ್ಮೇಲೆ ಕುಡೀತಾನೆ” ಅನ್ನೋದು ಅಜ್ಜಿಯ ಮಂತ್ರ.

ನಾನು ಆರನೇ ಕ್ಲಾಸಿನಲ್ಲಿದ್ದಾಗ ಅಮ್ಮ ನಮ್ಮ ಮೂವರನ್ನ ಕರ್ಕೊಂಡು ಝುವಾರಿನಗರದಲ್ಲಿ ಬೇರೆ ಕೋಣೆ ಹಿಡಿದಳು. ಮೀನು ಮಾರಿದಳು. ಎಲ್ಲರೂ “ಮನೆ ಒಡೆದಳು” ಅಂದರು. ಆ ವರ್ಷದಿಂದ ನಾನು ಒಂದು ದಿನವೂ ಶಾಲೆ ತಪ್ಪಿಸಿಲ್ಲ. ಅಪ್ಪ ಇಲ್ಲದ ಮನೆ ಮಕ್ಕಳು ಹಾಳಾಗ್ತಾರೆ ಅನ್ನೋರು ಸ್ವಲ್ಪ ನೋಡ್ಕೊಂಡು ಮಾತಾಡಿ.

ಸಯನ್_ಸಂಜೆ
ಅಕ್ಕಾ, ಹಾಗೆ ಹೇಳೋ ಉದ್ದೇಶ ನನಗಿರಲಿಲ್ಲ. ಬೇಜಾರಾಗಬೇಡಿ.

ವಾಸ್ಕೋದಕ್ಕ
ನಿಮ್ಮ ಮೇಲಲ್ಲಮ್ಮ ಸಿಟ್ಟು. ಫಾರ್ಮಿನ ಮೇಲೆ. ಅಮ್ಮ ಎಲ್ಲಿ ಹೋದ್ರೂ ಕೌಂಟರಿನಲ್ಲಿ ಮೊದಲ ಪ್ರಶ್ನೆ, “ತಂದೆ ಬರಲಿಲ್ವಾ?”

ಲೆಕ್ಕಪತ್ರ
ಇದೇ ನೋಡಿ. ಒಂಟಿ ತಾಯಿಯ ಮಕ್ಕಳು ಹಿಂದೆ ಬೀಳೋದು ಮನೆಯಲ್ಲಲ್ಲ, ಕೌಂಟರಿನಲ್ಲಿ.

ಲಂಬಾಣಿ ಮಾತು ಬಂತಲ್ಲ. ಕರ್ನಾಟಕದಲ್ಲಿ ಲಂಬಾಣಿ ಪರಿಶಿಷ್ಟ ಜಾತಿ, ಮಹಾರಾಷ್ಟ್ರದಲ್ಲಿ ಅದೇ ಬಂಜಾರಾ ವಿಮುಕ್ತ ಜಾತಿ, ತೆಲಂಗಾಣಕ್ಕೆ ಹೋದರೆ ಪರಿಶಿಷ್ಟ ಪಂಗಡ. ಊರಿನ ಸರ್ಟಿಫಿಕೇಟ್ ಇಲ್ಲಿ ನಡೆಯಲ್ಲ, ರಾಜ್ಯ ದಾಟಿದ ಮೇಲೆ ಆ ಸವಲತ್ತು ಜೊತೆಗೆ ಬರಲ್ಲ ಅಂತ ಸುಪ್ರೀಂ ಕೋರ್ಟೇ 1990ರಲ್ಲಿ ಹೇಳಿಬಿಟ್ಟಿದೆ. ಇಲ್ಲಿಯದ್ದು ಬೇಕಾದರೆ ಮನೆತನ ಇಂಥ ತಾರೀಕಿಗೂ ಮುಂಚೆ ಮಹಾರಾಷ್ಟ್ರದಲ್ಲಿ ಇತ್ತು ಅಂತ ತೋರಿಸಬೇಕು. ಪರಿಶಿಷ್ಟರಿಗೆ 1950, ವಿಮುಕ್ತರಿಗೆ 1961, ಒಬಿಸಿಗೆ 1967. ಕೇಳೋದು ತಂದೆಯ, ತಂದೆಯ ತಂದೆಯ ಕಾಗದ. ಗಂಡನ ಮನೆ ಬಿಟ್ಟು ಬಂದ ಹೆಂಗಸು ಮಾವನ ಶಾಲೆ ದಾಖಲಾ ಎಲ್ಲಿಂದ ತರ್ತಾಳೆ? ಭಾವ ಮೈದುನರು ಕೊಟ್ಟಾರಾ? ಹತ್ತನೇ ಆದ ಮೇಲೆ ಸ್ಕಾಲರ್‌ಶಿಪ್ ಇಲ್ಲ, ಅಲ್ಲಿಗೆ ಓದು ನಿಲ್ಲುತ್ತೆ. ಜನ ಅಂತಾರೆ, ಅಪ್ಪ ಇಲ್ಲದ ಹುಡುಗ, ಓದಲಿಲ್ಲ.

ತೊಗರಿನಾಡವ
ನಮ್ಮ ಕಡೀದು ಇನ್ನೊಂದದ, ಮಂದಿ ಬಾಯಿ ಬಿಟ್ಟು ಹೇಳಂಗಿಲ್ಲ. ಎಲ್ಲವ್ವನ ಹೆಸರಿಗೆ ಬಿಟ್ಟ ಹೆಣ್ಮಕ್ಕಳು ಈ ಊರಾಗ, ಪುಣೇದಾಗ ಎಷ್ಟೋ ಮಂದಿ ಅದಾರ. 1982ರಾಗ ಕರ್ನಾಟಕದಾಗ ಕಾಯ್ದಾ ಆತು, ದೇವದಾಸಿ ಪದ್ಧತಿ ಬಂದ್ ಅಂದ್ರು. ಅವರ ಮಕ್ಕಳ ಫಾರ್ಮಿನ್ಯಾಗ ಅಪ್ಪನ ಹೆಸರಿನ ಜಾಗಾಕ್ಕ ಏನು ಬರೀಬೇಕು? ನನ್ನ ಕ್ಲಾಸಿನ ಗೆಳ್ಯಾ ಒಬ್ಬ ಮಾಮಾನ ಹೆಸರು ಬರದಿದ್ದ. ಹತ್ತನೇತ್ತ ಫಾರ್ಮ್ ತುಂಬೋ ಮುಂದ ಸಿಕ್ಕಿಬಿದ್ದ, ಅವಮಾನಕ್ಕ ಶಾಲಿಗೇ ಬರಲಿಲ್ಲ. ಗಣಿತದಾಗ ನನಗಿಂತ ಶಾಣ್ಯಾ ಇದ್ದ.

ಲೆಕ್ಕಪತ್ರ
2015ರಲ್ಲಿ ಸುಪ್ರೀಂ ಕೋರ್ಟು ಮದುವೆಯಾಗದ ತಾಯಿ ತಂದೆಯ ಹೆಸರು ಹೇಳದೆಯೇ ಮಗುವಿನ ಪಾಲಕಿಯಾಗಬಹುದು ಅಂತ ಹೇಳಿದೆ. ಮಹಾರಾಷ್ಟ್ರದಲ್ಲಿ 2024ರ ಮೇ 1ರ ನಂತರ ಹುಟ್ಟಿದ ಮಕ್ಕಳ ಹೆಸರಿನಲ್ಲಿ ಮೊದಲು ತಾಯಿ, ಆಮೇಲೆ ತಂದೆ. ನಿಮ್ಮ ಗೆಳೆಯನಿಗೆ ತಡವಾಯ್ತು.

ಇನ್ನೊಂದು, ಇದನ್ನ ಸಯನ್_ಸಂಜೆ ಬರೆದಿಟ್ಟುಕೊಳ್ಳಲಿ. ಬಾಲ ಸಂಗೋಪನ ಯೋಜನೆ. ಹೆತ್ತವರಲ್ಲಿ ಒಬ್ಬರು ಇಲ್ಲದ ಮಗುವಿಗೆ 18 ತುಂಬೋವರೆಗೆ ತಿಂಗಳಿಗೆ 2,250 ರೂಪಾಯಿ. 2023ಕ್ಕೆ ಮುಂಚೆ 1,100 ಇತ್ತು. ಮಹಿಳಾ-ಬಾಲ ವಿಕಾಸ ಕಚೇರಿಗೆ ಅರ್ಜಿ ಹಾಕಬೇಕು, ಬಾಲ ಕಲ್ಯಾಣ ಸಮಿತಿ ಆದೇಶ ಆಗಬೇಕು. ಓಡಾಟ ಇದೆ. ಆದರೆ ಖೋಲಿ ಬಾಡಿಗೆಯ ಒಂದು ಭಾಗ ಬರುತ್ತಲ್ಲ.

ಸಯನ್_ಸಂಜೆ
ಬರೆದುಕೊಂಡೆ. ನೀವು ಹೇಳಿದ ಹಾಗೆ ಪುಸ್ತಕದಲ್ಲಿ ಗೆರೆ ಎಳೆದೂ ನೋಡಿದೆ. ತಪ್ಪದೆ ಬರೋ ‘ಆಯಿ ಮಕ್ಕಳು’ ಮುಕ್ಕಾಲು ಪಾಲು ಸ್ವಂತ ಖೋಲಿಯವರೇ. ಬಾಡಿಗೆ ಖೋಲಿ, ಆಯಿ ಇದ್ದಾಳೆ ಅನ್ನೋವು ಮೂರೇ ಮನೆ. ಅದರಲ್ಲಿ ಎರಡರ ಹುಡುಗಿಯರು ವಾರಕ್ಕೆ ಮೂರು ದಿನ ಇಲ್ಲ. ಬಾಯಿ ಹೇಳಿದ್ದೇ. ನಾನು ಎಷ್ಟು ವರ್ಷದಿಂದ ಈ ಪುಸ್ತಕ ಬರೀತಿದ್ದೀನಿ, ಹುಡುಗ ಹುಡುಗಿ ಅಂತ ಬೇರೆ ಮಾಡಿ ನೋಡಿರಲಿಲ್ಲ.

ನಿಜ ಹೇಳಬೇಕಂದ್ರೆ ಈ ಎಳೆ ಶುರು ಮಾಡಿದ್ದು ಬೇರೆ ಕಾರಣಕ್ಕೆ, ಸಂಕೋಚದಿಂದ ಹೇಳಿರಲಿಲ್ಲ. ಏಳನೇ ಕ್ಲಾಸಿನ ಒಬ್ಬಳು ಹುಡುಗಿ ಇದ್ದಾಳೆ, ತುಂಬಾ ಚೂಟಿ. ಊರಲ್ಲಿ ಅವಳ ಆಯಿ ಬಿದ್ದು ಸೊಂಟದ ಮೂಳೆ ಮುರಿದಿದೆ. ನೋಡ್ಕೊಳ್ಳೋಕೆ ಇವಳನ್ನ ಕಳಿಸ್ತೀವಿ ಅಂತಿದ್ದಾನೆ ಅಪ್ಪ. ಇನ್ನೆರಡು ವಾರದಲ್ಲಿ. “ತೊಗರಿ ರಾಶಿ ಮುಗಿಸ್ಕೊಂಡು ಬರ್ತಾಳ” ಅಂತಾನೆ. ಬರಲ್ಲ ಅಂತ ನನಗೆ ಗೊತ್ತು.

ಹಳೇಬಾಯಿ
ಹೆಸರು, ಗಲ್ಲಿ, ಶಾಲೆ ಏನೂ ಇಲ್ಲಿ ಹಾಕಬೇಡಿ. ಖಾಸಗಿಯಾಗಿ ಬರೀರಿ.

ಖಾರಾಬೂಂದಿ
ಆಯಿಯನ್ನೇ ಇಲ್ಲಿಗೆ ಕರೆಸಬಹುದಲ್ವಾ?

ಸಯನ್_ಸಂಜೆ
ಕೇಳಿದೆ. ಅವರು ಇರೋದು ಮಾಳದ ಮೇಲಿನ ಖೋಲಿ, ಕಬ್ಬಿಣದ ಏಣಿ ಹತ್ತಬೇಕು. ಸಂಡಾಸ ಮೂರು ಗಲ್ಲಿ ಆಚೆ. ಸೊಂಟ ಮುರಿದ ಮುದುಕಿಯನ್ನ ಎಲ್ಲಿಡಲಿ ಅಂತ ಅವಳ ಅವ್ವ ಅತ್ತಳು. ನನಗೂ ಉತ್ತರ ಹೊಳೀಲಿಲ್ಲ.

ಲೆಕ್ಕಪತ್ರ
ಹೋಗೋದು ತಪ್ಪೋದಿಲ್ಲ ಅಂತಾದರೆ ಬರಿಗೈಯಲ್ಲಿ ಕಳಿಸಬೇಡಿ. ಇಲ್ಲಿ ಎಲ್‌ಸಿ ಅನ್ನೋದನ್ನ ಅಲ್ಲಿ ಟಿಸಿ ಅಂತಾರೆ, ಅದನ್ನ ಈಗಲೇ ಕೇಳಿ. ಶಿಕ್ಷಣ ಹಕ್ಕು ಕಾಯ್ದೆಯ 5ನೇ ಸೆಕ್ಷನ್ ಪ್ರಕಾರ ಮುಖ್ಯಾಧ್ಯಾಪಕರು ತಕ್ಷಣ ಕೊಡಬೇಕು. ಬರೋದು ತಡವಾದರೂ ಅಲ್ಲಿಯ ಸರ್ಕಾರಿ ಶಾಲೆ ‘ಟಿಸಿ ಇಲ್ಲ’ ಅಂತ ವಾಪಸ್ ಕಳಿಸೋ ಹಾಗಿಲ್ಲ. ಅಲ್ಲಿ ಸ್ಯಾಟ್ಸ್ (ಕರ್ನಾಟಕದ ವಿದ್ಯಾರ್ಥಿ ದಾಖಲೆ) ನಂಬರ್ ಕೇಳ್ತಾರೆ, ಇಲ್ಲಿಯದ್ದು ಸರಳ್ (ಮಹಾರಾಷ್ಟ್ರದ್ದು) ನಂಬರ್. ಎರಡು ರಾಜ್ಯದ ಮಧ್ಯೆ ಮಗು ಕಳೆದುಹೋಗೋದು ಇಲ್ಲೇ. ಆದರೆ ಏಳು ತಿಂಗಳು ಮರಾಠಿಯಲ್ಲಿ ಓದಿ ಕನ್ನಡ ಮಾಧ್ಯಮದ ವಾರ್ಷಿಕ ಪರೀಕ್ಷೆಗೆ ಕೂರೋದು ಹೇಗೆ, ಅದಕ್ಕೆ ಯಾವ ಸೆಕ್ಷನ್ನೂ ಇಲ್ಲ.

ವಾಸ್ಕೋದಕ್ಕ
ಹುಡುಗಿಯ ಅಪ್ಪನಿಗೆ ಅಕ್ಕ ತಂಗಿ ಯಾರೂ ಇಲ್ವಾ ಊರಲ್ಲಿ? ಮೊದಲು ಅದನ್ನ ಕೇಳಿ.

ಸಯನ್_ಸಂಜೆ
ಅಣ್ಣ ಇದ್ದಾನಂತೆ. ಅಣ್ಣನಿಗೆ ಇಬ್ಬರು ಗಂಡು ಮಕ್ಕಳು. ಇಬ್ಬರೂ ಹೈಸ್ಕೂಲಂತೆ, ಅವರ ಓದಿಗೆ ತೊಂದರೆ ಆಗಬಾರದಂತೆ.

ಹಳೇಬಾಯಿ
ನೋಡಿದಿರಾ!

ತೊಗರಿನಾಡವ
ಅಕ್ಕಾರ, ಯಾವ ತಾಲೂಕ? ಚಿತ್ತಾಪುರ, ಸೇಡಂ ಕಡಿ ಇದ್ರ ನಮ್ಮ ಮಂದಿನೇ ಸಿಗ್ತಾರ. ನಾನೇ ಬಂದು ಅವಳ ಅಪ್ಪನ ಸಂಗಾಟ ಮಾತಾಡ್ತೀನಿ. ನಮ್ಮ ಬಾಸಿನ್ಯಾಗ ಹೇಳಿದ್ರ ಬ್ಯಾರೆ ಆಗ್ತದ. ಆ ಅಣ್ಣಗೂ ಫೋನ್ ಹಚ್ಚೂಣು.

ಸಯನ್_ಸಂಜೆ
ಸೇಡಂ ಕಡೆಯವರೇ. ಐತವಾರ ಅಪ್ಪ ಮನೆಯಲ್ಲಿರ್ತಾನೆ, ಹತ್ತೂವರೆ ಮೇಲೆ.

ಹಳೇಬಾಯಿ
ನಾನೂ ಬರ್ತೀನಿ. ಮಾತುಂಗಾದಿಂದ ಎಷ್ಟು ದೂರ. ಬರೀ ಗಂಡಸರು ಮಾತಾಡಿದರೆ ಅವಳ ಅವ್ವ ಬಾಯಿ ಬಿಡಲ್ಲ.

ತೊಗರಿನಾಡವ
ಹಂಗಾರ ಐತವಾರ ಹತ್ತೂವರಿಗೆ ಟೀ ಜಂಕ್ಷನ್ ಹತ್ರ ನಿಂತಿರ್ತೀನಿ. ಬಾಯಿ, ಏಣಿ ಹತ್ತಾಕ ಬರ್ತದಲ್ರಿ ನಿಮಗ?